ತೀನತಾಲ ಕಾಲಿಗೆ ಇಳಿಯುವ ಬಗೆ: ಒಂದು ಅಧ್ಯಯನ ಟಿಪ್ಪಣಿ

ಹಿಂದೂಸ್ತಾನಿ ಸಂಗೀತ ಕಲಿಯಲು ಬಂದ ಮಗುವಿಗೆ ನಮ್ಮ ಧಾರವಾಡದ ತರಗತಿಗಳಲ್ಲಿ ಮೊದಲ ವಾರವೇ ಬಾಯಿಪಾಠ ಮಾಡಿಸುವುದು ಇದನ್ನು: ತೀನತಾಲ ಎಂಬ ತಾಲಕ್ಕೆ 16 ಮಾತ್ರೆ (ಎಣಿಕೆ), 4 ವಿಭಾಗ, 1, 5, 13ಕ್ಕೆ ಚಪ್ಪಾಳೆ, 9ಕ್ಕೆ ಖಾಲಿ (ಚಪ್ಪಾಳೆಯಿಲ್ಲದೆ ಕೈ ಬೀಸುವ ಜಾಗ). ಮಗು ತಪ್ಪಿಲ್ಲದೆ ಒಪ್ಪಿಸುತ್ತದೆ. ತಬಲಾ ನುಡಿಸಿ ‘ಈಗ ಸಮ, ಅಂದರೆ ಮೊದಲ ಮಾತ್ರೆ, ಎಲ್ಲಿ ಬಂತು?’ ಎಂದು ಕೇಳಿದರೆ ಮಾತ್ರ ಪಕ್ಕದವರ ಕೈ ನೋಡುತ್ತದೆ.

ಈ ಕೊರತೆಯನ್ನು ಪಾಶ್ಚಾತ್ಯ ಸಂಗೀತದಲ್ಲಿ ಗುರುತಿಸಿದವರು ಎಮಿಲ್ ಝಾಕ್-ಡಾಲ್ಕ್ರೋಝ್ (1865–1950). 1892ರಿಂದ ಜಿನೀವಾದಲ್ಲಿ ಹಾರ್ಮನಿ (ಸ್ವರಗಳನ್ನು ಒಟ್ಟಿಗೆ ಹೊಂದಿಸುವ ವಿದ್ಯೆ) ಕಲಿಸುತ್ತಿದ್ದ ಅವರಿಗೆ, ವಿದ್ಯಾರ್ಥಿಗಳು ಕಾಗದದ ಮೇಲೆ ಸರಿಯಾಗಿ ಬರೆದದ್ದು ಅವರ ಕಿವಿಗೇ ಕೇಳಿಸುತ್ತಿಲ್ಲ ಎಂಬುದು ತಿಳಿಯಿತು. ವಾದ್ಯದ ಮುಂದೆ ಲಯ ತಪ್ಪುವವನು ನಡೆಯುವಾಗ ತಪ್ಪುವುದಿಲ್ಲ ಎಂಬುದೂ ಕಣ್ಣಿಗೆ ಬಿತ್ತು. ಅವರ ಯೂರಿದ್ಮಿಕ್ಸ್ ಪದ್ಧತಿ ಹುಟ್ಟಿದ್ದು ಇಲ್ಲಿಂದ. ಶಿಕ್ಷಕರು ಪಿಯಾನೋದಲ್ಲಿ ಆಗಿಂದಾಗಲೇ ಕಟ್ಟಿ ನುಡಿಸುತ್ತಾರೆ, ಮಕ್ಕಳು ಅದಕ್ಕೆ ಹೆಜ್ಜೆ ಹಾಕುತ್ತಾರೆ. ನುಡಿಸಾಣಿಕೆ ಬದಲಾದರೆ ನಡೆಯೂ ಬದಲಾಗಬೇಕು. ಹೆಸರು, ಲೆಕ್ಕ, ಲಿಪಿ ಎಲ್ಲ ಆಮೇಲೆ.

ಇದು ನಮ್ಮ ನೆಲಕ್ಕೆ ತೀರ ಹೊರಗಿನದೇನಲ್ಲ. ಗದಗಿನಲ್ಲಿ ಬೆಳೆದ ಬಾಲಕ ಭೀಮಸೇನ ಜೋಶಿ ವಾದ್ಯದ ಮೆರವಣಿಗೆಗಳ ಬೆನ್ನು ಹತ್ತಿ ಹೋಗಿ ಎಲ್ಲೋ ದಣಿದು ಮಲಗಿಬಿಡುತ್ತಿದ್ದನಂತೆ; ಬೇಸತ್ತ ತಂದೆ ಅಂಗಿಯ ಮೇಲೆ ‘ಜೋಶಿ ಮಾಸ್ತರರ ಮಗ’ ಎಂದು ಬರೆಸಿದರಂತೆ. ಹಳ್ಳಿಯ ಮಕ್ಕಳಾದರೆ ಭಜನೆಯಲ್ಲಿ, ಹೆಜ್ಜೆ ಮೇಳದಲ್ಲಿ ಲಯವನ್ನು ಮೈಗೂಡಿಸಿಕೊಂಡೇ ಬಂದಿರುತ್ತಾರೆ. ತರಗತಿಗೆ ಬಂದೊಡನೆ ಚಕ್ಕಳಮಕ್ಕಳ ಕೂರಿಸಿ ಅದನ್ನು ಮರೆಸುವವರು ನಾವು.

ಈಗ ತೀನತಾಲದ ರೂಢಿಯ ಠೇಕಾ, ಅಂದರೆ ತಬಲಾದಲ್ಲಿ ಅದನ್ನು ನುಡಿಸುವ ಬೋಲುಗಳ ಸಾಲು, ನೋಡೋಣ:

ಧಾ ಧಿನ್ ಧಿನ್ ಧಾ | ಧಾ ಧಿನ್ ಧಿನ್ ಧಾ | ಧಾ ತಿನ್ ತಿನ್ ತಾ | ತಾ ಧಿನ್ ಧಿನ್ ಧಾ

ಮಕ್ಕಳನ್ನು ದುಂಡಗೆ ನಿಲ್ಲಿಸಿ, ಕಣ್ಣು ಮುಚ್ಚಿಸಿ, ಒಂದೇ ಸೂಚನೆ ಕೊಡಿ: ‘ಡಗ್ಗಾ (ತಬಲಾ ಜೋಡಿಯ ದಪ್ಪ ನಾದದ ವಾದ್ಯ) ಕೇಳಿಸುವಷ್ಟು ಹೊತ್ತು ನಿಂತಲ್ಲೇ ಹೆಜ್ಜೆ ಊರಿ, ಅದರ ನಾದ ನಿಂತಾಗ ತುದಿಗಾಲಲ್ಲಿ ಹಾಕಿ.’ ಕಣ್ಣು ಮುಚ್ಚಿಸದಿದ್ದರೆ ಇಡೀ ಅಭ್ಯಾಸ ವ್ಯರ್ಥ, ಒಬ್ಬ ಜಾಣನನ್ನು ಉಳಿದವರೆಲ್ಲ ನಕಲು ಮಾಡುತ್ತಾರೆ. ಆಗ ಒಂದು ಸ್ವಾರಸ್ಯ ಕಾಣುತ್ತದೆ. ಕಿವಿ ಚುರುಕಾಗಿರುವ ಮಕ್ಕಳು 9ನೆಯ ಮಾತ್ರೆಗೆ ಹಿಮ್ಮಡಿ ಎತ್ತುವುದಿಲ್ಲ, 10ಕ್ಕೆ ಎತ್ತುತ್ತಾರೆ. 13ಕ್ಕೆ ಇಳಿಸುವುದಿಲ್ಲ, 14ಕ್ಕೆ ಇಳಿಸುತ್ತಾರೆ. ಶಿಕ್ಷಕರು ‘ತಪ್ಪು’ ಎನ್ನಲು ಬಾಯಿ ತೆರೆಯುವುದು ಇಲ್ಲಿಯೇ. ಧಾ, ಧಿನ್‌ಗಳಲ್ಲಿ ಡಗ್ಗಾ ಕೂಡಿರುತ್ತದೆ, ತಾ, ತಿನ್‌ಗಳಲ್ಲಿ ಇರುವುದಿಲ್ಲ. ಠೇಕಾ ಮತ್ತೊಮ್ಮೆ ಓದಿ: 9ರ ‘ಧಾ’ದಲ್ಲಿ ಡಗ್ಗಾ ಇನ್ನೂ ಇದೆ, 13ರ ‘ತಾ’ದಲ್ಲಿ ಇನ್ನೂ ಬಂದಿಲ್ಲ. ಮಗು ಕೇಳಿದ್ದನ್ನೇ ತೋರಿಸಿದೆ. ಖಾಲಿ 9ಕ್ಕೆ ಎಂಬುದು ಕೈಯ ಲೆಕ್ಕ. ನಾದ ಬರಿದಾಗುವುದು ಒಂದು ಮಾತ್ರೆ ತಡವಾಗಿ. ಕಾಲು ನಾದವನ್ನೇ ಹಿಡಿದಿರಲಿ, ಅದರ ಮೇಲೆ ಕೈಗೆ ಚಪ್ಪಾಳೆ-ಖಾಲಿ ಕಲಿಸಿ. ಎರಡೂ ಕೂಡಿದಾಗ ಮಗುವಿಗೆ ಸಮ ಬರುವ ಮೊದಲೇ ಅದರ ಸುಳಿವು ಸಿಗುತ್ತದೆ, ಏಕೆಂದರೆ 14ರಲ್ಲಿ ಮರಳುವ ಡಗ್ಗಾವೇ ಸಮದ ಮುನ್ಸೂಚನೆ. (ಕೆಲವು ತಬಲಾವಾದಕರು 9ರಲ್ಲಿ ಡಗ್ಗಾ ಇಲ್ಲದ ‘ನಾ’ ಹಿಡಿಯುತ್ತಾರೆ. ಜೊತೆಗೆ ನುಡಿಸುವವರನ್ನು ಮೊದಲೇ ಕೇಳಿಕೊಳ್ಳಿ.)

ಲಯ ಎಷ್ಟಿರಬೇಕು? ಮಗುವಿನ ಸಹಜ ನಡಿಗೆ ಎಷ್ಟೋ ಅಷ್ಟು. ಮೊದಲು ಅದು ನಡೆಯಲಿ, ತಬಲಾ ಅದರ ಹಿಂದೆ ಹೋಗಲಿ. ಆಮೇಲೆ ತಬಲಾ ನಿಧಾನವಾಗಿ ಮುಂದಾಳಾಗಲಿ. ಮೊಬೈಲಿನ ತಬಲಾದಿಂದ ಈ ಕೆಲಸ ಆಗುವುದಿಲ್ಲ, ಅದು ಯಾರಿಗಾಗಿಯೂ ಕಾಯುವುದಿಲ್ಲ.

ನಡಿಗೆಯಿಂದ ಮಾತ್ರ ಸಿಗುವ ತಿಳಿವಳಿಕೆ ಝಪತಾಲದಲ್ಲಿದೆ. 10 ಮಾತ್ರೆ, 2-3-2-3ರ ವಿಭಾಗ; ಅವು ಶುರುವಾಗುವುದು 1, 3, 6, 8ರಲ್ಲಿ. ಮಾತ್ರೆಗೊಂದು ಹೆಜ್ಜೆಯಂತೆ ಬಲಗಾಲಿನಿಂದ ಆರಂಭಿಸಿದರೆ 1 ಮತ್ತು 3 ಬಲಗಾಲಿಗೆ, 6 ಮತ್ತು 8 ಎಡಗಾಲಿಗೆ ಬೀಳುತ್ತವೆ. ಖಾಲಿ ಇರುವುದು 6ರಲ್ಲಿ. ಅಂದರೆ ಆವರ್ತನದ (ತಾಲದ ಒಂದು ಸುತ್ತಿನ) ಉತ್ತರಾರ್ಧದಲ್ಲಿ ಎರಡೂ ವಿಭಾಗ ಇನ್ನೊಂದು ಕಾಲಿನಿಂದ ಶುರುವಾಗುತ್ತವೆ. ಖಾಲಿ ಬಂತೆಂದು ಯಾರೂ ಹೇಳಬೇಕಾಗಿಲ್ಲ. ರೂಪಕ ತಾಲದ 7 ಮಾತ್ರೆಯಲ್ಲಿ ಸಮ ಒಮ್ಮೆ ಬಲಕ್ಕೆ, ಮುಂದಿನ ಆವರ್ತನದಲ್ಲಿ ಎಡಕ್ಕೆ. ಜೊತೆಗೆ ಅಲ್ಲಿ ಸಮವೇ ಖಾಲಿ. ಮೊದಲ ದಿನ ಮಕ್ಕಳು ಮುಗ್ಗರಿಸಿ ನಗುತ್ತಾರೆ. ನಗಲಿ.

ವಿಲಂಬಿತ ಏಕತಾಲವನ್ನು ನಡೆಸಲು ಹೋಗಬೇಡಿ. ಅಷ್ಟು ನಿಧಾನಕ್ಕೆ ಮಕ್ಕಳ ಕಾಲು ನಿಲ್ಲುವುದಿಲ್ಲ.

ರಾಗಕ್ಕೆ ಈ ದಾರಿ ಅರ್ಧ ಮಾತ್ರ ಹೋಗುತ್ತದೆ. ಸ್ವರ ಏರಿದರೆ ಕೈ ಎತ್ತುವುದು, ಇಳಿದರೆ ಇಳಿಸುವುದು ಕವಾಯತಿನಂತಾಗುತ್ತದೆ, ರಾಗದ ಚಹರೆ ಅದರಲ್ಲಿ ಸಿಗುವುದಿಲ್ಲ. ಹೆಚ್ಚು ಫಲ ಕೊಡುವುದು ಇದು: ಆಲಾಪ ಕೇಳುತ್ತ ನಡೆಯಲಿ, ಹಾಡುವವರು ಎಲ್ಲಿ ತಂಗುತ್ತಾರೋ ಅಲ್ಲಿ ನಿಂತು ಅದೇ ಸ್ವರವನ್ನು ಗುನುಗಲಿ. ಭೂಪ, ದೇಶಕಾರ ರಾಗಗಳೆರಡಕ್ಕೂ ಸಾ ರೇ ಗ ಪ ಧ ಎಂಬ ಅವೇ ಐದು ಸ್ವರ. ಭೂಪದಲ್ಲಿ ಮಕ್ಕಳು ಮತ್ತೆ ಮತ್ತೆ ಗುನುಗುವುದು ಗ, ದೇಶಕಾರದಲ್ಲಿ ಧ. ‘ವಾದಿ’ (ರಾಗದ ಮುಖ್ಯ ಸ್ವರ) ಎಂಬ ಪಾರಿಭಾಷಿಕವನ್ನು ಆಮೇಲೆ ಕೊಟ್ಟರೂ ಅವರಿಗೆ ಹೊಸದೆನಿಸುವುದಿಲ್ಲ. ಹತ್ತು ನಿಮಿಷ ಸಾಕು. ಅನಂತರ ಕೂರಿಸಿ, ತಂಬೂರಿ ಮೀಟಿ, ಉಸಿರು ಹದಕ್ಕೆ ಬಂದ ಮೇಲೆಯೇ ಹಾಡಿಸಿ. ಏದುಸಿರಿನಲ್ಲಿ ಷಡ್ಜ ನಿಲ್ಲುವುದಿಲ್ಲ.