ಜನರೇಟರ್ ಕೊಡುತ್ತದೆ, ಇನ್ವರ್ಟರ್ ಯಾಕೆ ಒಲ್ಲೆ ಅನ್ನುತ್ತದೆ?

ಗದಗ ಜಿಲ್ಲೆಯ ಶಿರಹಟ್ಟಿ ಕಡೆ ನಮ್ಮ ಸೋದರಮಾವನ ಹೊಲದ ಮನೆ ಇದೆ. ಅಲ್ಲಿಗೆ ಕರೆಂಟಿನ ಲೈನ್ ಬಂದಿಲ್ಲ. ಮಾಳಿಗೆ ಮೇಲೆ ಸೋಲಾರ್ ಪ್ಲೇಟು, ಒಳಗೆ 24 ವೋಲ್ಟಿನ ಬ್ಯಾಟರಿ, ಒಂದು ಇನ್ವರ್ಟರ್. ಬ್ಯಾಟರಿಯಿಂದ ಮನೆಗೆ ಕರೆಂಟು ಕೊಡುವುದೂ, ಜನರೇಟರ್ ಹಚ್ಚಿದಾಗ ಬ್ಯಾಟರಿ ತುಂಬಿಸುವುದೂ ಅದರದೇ ಕೆಲಸ. ಆಷಾಢದಲ್ಲಿ ಕಪ್ಪತಗುಡ್ಡದ ಮೇಲೆ ಮೋಡ ಕೂತರೆ ದಿನಗಟ್ಟಲೆ ಬಿಸಿಲು ಕಾಣುವುದಿಲ್ಲ. ಆಗ ಬ್ಯಾಟರಿ ತುಂಬಿಸಲು 1.5 ಕೆವಿಎ ಪೆಟ್ರೋಲ್ ಜನರೇಟರ್.

ಹೋದ ಮಳೆಗಾಲದಲ್ಲಿ ಮಾವ ಫೋನ್ ಮಾಡಿದರು. “ತಮ್ಮಾ, ಇನ್ವರ್ಟರ್ ಕೆಟ್ಟೈತಿ ನೋಡು. ಜನರೇಟರ್ ಹಚ್ಚಿದ್ರ ಟಕ್ ಅಂತೈತಿ, ತಗೋತೈತಿ, ಮತ್ತ ಬಿಡತೈತಿ.” “ಏನೂ ಬಿಚ್ಚಬ್ಯಾಡ್ರಿ ಮಾಮಾ, ನಾ ಬರತೇನಿ” ಅಂದು ಹುಬ್ಬಳ್ಳಿಯಿಂದ ಮೀಟರ್ ಹಿಡಿದು ಹೋದೆ.

ಜನರೇಟರ್ ಸುಮ್ನೆ ಓಡುವಾಗ 248 ವೋಲ್ಟ್, 52 ಹರ್ಟ್ಜ್ (ಅಂದರೆ ಕರೆಂಟಿನ ಅಲೆ ಸೆಕೆಂಡಿಗೆ 52 ಸಲ). ತಪ್ಪೇನೂ ಕಾಣಲಿಲ್ಲ. ಮೀಟರ್ ಹಾಗೇ ಇಟ್ಟು ಇನ್ವರ್ಟರ್‌ಗೆ ಜೋಡಿಸಿದೆವು. ಒಳಗಿನ ರಿಲೇ, ಅಂದರೆ ತಾನೇ ಕೂಡಿಸಿ ಬಿಡಿಸುವ ಸ್ವಿಚ್ಚು, ಟಕ್ ಅಂತು. ಇಂಜಿನ್ ದನಿ ಕುಗ್ಗಿತು. ವೋಲ್ಟೇಜ್ 170ಕ್ಕೆ ಬಿತ್ತು, 46 ಹರ್ಟ್ಜ್. ಮತ್ತೆ ಟಕ್. ಭಾರ ಕಳಚಿದ್ದೇ ತಡ, ಇಂಜಿನ್ ಗುಂಯ್ ಅಂತ ಎದ್ದಿತು, ಮೀಟರ್ 265 ಮುಟ್ಟಿ 248ಕ್ಕೆ ಬಂದು ನಿಂತಿತು. ಸ್ವಲ್ಪ ಹೊತ್ತಿಗೆ ಮತ್ತೆ ಟಕ್. ಎರಡೂ ಯಂತ್ರ ಸರಿಯಾಗೇ ಇದ್ದವು. ಕೂಡುವಾಗ ಮಾತ್ರ ಹೊಂದುತ್ತಿರಲಿಲ್ಲ.

ಇಂತಹ ಚಿಕ್ಕ ಜನರೇಟರ್ ನಿಮಿಷಕ್ಕೆ 3000 ಸುತ್ತು ತಿರುಗಿದರೆ 50 ಹರ್ಟ್ಜ್ ಬರುತ್ತದೆ. 46 ಅಂದರೆ 2760 ಸುತ್ತು. ಭಾರ ಬಿದ್ದಾಗ ಇಂಜಿನ್ ವೇಗ ಕಾಯುವ ಗವರ್ನರ್ ಪೆಟ್ರೋಲ್ ಜಾಸ್ತಿ ಬಿಡಬೇಕು, ಇಂಜಿನ್ ಚೇತರಿಸಿಕೊಳ್ಳಬೇಕು. ಅದಕ್ಕೆ ಸಮಯ ಬೇಕು ಅಲ್ವಾ? ಮಾವನದು ಎವಿಆರ್ (ವೋಲ್ಟೇಜನ್ನು ತಾನೇ ಸರಿಪಡಿಸುವ ಸರ್ಕ್ಯೂಟ್) ಇಲ್ಲದ, ಕೆಪಾಸಿಟರ್ ಮಾದರಿ. ಸುತ್ತು ಇಳಿದರೆ ವೋಲ್ಟೇಜ್ ಇನ್ನೂ ಬೇಗ ಕುಸಿಯುತ್ತದೆ. ಇನ್ವರ್ಟರ್ ಅಷ್ಟು ಹೊತ್ತು ಕಾಯುವುದಿಲ್ಲ. 180ಕ್ಕಿಂತ ಕೆಳಗೆ ಹೋದ ಕೂಡಲೇ ಕೈ ಬಿಡುತ್ತದೆ.

ಭಾರ ಎಷ್ಟಿತ್ತು? ಚಾರ್ಜಿಂಗ್ 30 ಆಂಪಿಯರ್‌ಗೆ ಇಟ್ಟಿದ್ದರು. 28 ವೋಲ್ಟಿಗೆ ಅದು 840 ವ್ಯಾಟ್, ಚಾರ್ಜರ್ ಒಳಗಿನ ನಷ್ಟ ಸೇರಿದರೆ ಸುಮಾರು 1000. ಜನರೇಟರ್ ತಡೆಯಬೇಕಿತ್ತು ಅನಿಸುತ್ತದೆ. ಆದರೆ ಸಾದಾ ಚಾರ್ಜರ್ ಒಂದೇ ಸಮ ಎಳೆಯುವುದಿಲ್ಲ, ಅಲೆಯ ತುದಿಯಲ್ಲಿ ಮಾತ್ರ ಗಬಕ್ಕನೆ ಎಳೆಯುತ್ತದೆ. ಎತ್ತಿಗೂ ಒಂದೇ ಸಮನಾದ ಭಾರ ಕಷ್ಟವಲ್ಲ, ಹಗ್ಗ ಸಡಿಲಾಗಿ ಮತ್ತೆ ಮತ್ತೆ ಜಗ್ಗಿದರೆ ಕಷ್ಟ. ಪವರ್ ಫ್ಯಾಕ್ಟರ್, ಅಂದರೆ ಹೊರುವ ಭಾರದಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಪಾಲು, 0.7 ಅಂತ ಹಿಡಿದರೂ 1000 ವ್ಯಾಟಿಗೆ 1400 ವಿಎ ಬೇಕು. 1.5 ಕೆವಿಎ ಜನರೇಟರಿನ ಒಟ್ಟು ಶಕ್ತಿಯೇ 1500 ವಿಎ. ಮೇಲೆ ಮನೆಯ ಫ್ರಿಜ್ಜು, ದೀಪದ ಭಾರವೂ ಜನರೇಟರ್ ಮೇಲೇ ಬೀಳುತ್ತದೆ. ಚಾರ್ಜರ್ ಗಬಕ್ಕನೆ ಎಳೆದಾಗ ಅಲೆಯ ತುದಿ ಕತ್ತರಿಸಿದಂತಾಗುತ್ತದೆ. ಅಂತಹ ಅಲೆಯನ್ನು ಅಗ್ಗದ ಮೀಟರ್ ತಪ್ಪಾಗಿ ತೋರಿಸುತ್ತದೆ, ಅಲೆ ಹೇಗಿದ್ದರೂ ಸರಿಯಾಗಿ ಅಳೆಯುವ ಟ್ರೂ ಆರ್‌ಎಂಎಸ್ ಮೀಟರೇ ಬೇಕು.

ಚಾರ್ಜಿಂಗ್ 10 ಆಂಪಿಯರ್‌ಗೆ ಇಳಿಸಿದೆ. ಒಂದು ಸಲ ಟಕ್, ಆಮೇಲೆ ಸದ್ದಿಲ್ಲ. 226 ವೋಲ್ಟ್, 50 ಹರ್ಟ್ಜ್. ಬ್ಯಾಟರಿ ತುಂಬಲು ಹೊತ್ತು ಜಾಸ್ತಿ ಬೇಕು, ಆದರೆ ತುಂಬುತ್ತದೆ. ಕೆಲವು ಇನ್ವರ್ಟರ್‌ಗಳಲ್ಲಿ ಕಡಿಮೆ ವೋಲ್ಟೇಜನ್ನೂ ಒಪ್ಪಿಕೊಳ್ಳುವ ಸೆಟ್ಟಿಂಗ್ ಇದೆ. ಫ್ರಿಜ್ ಇರುವ ಮನೆಯಲ್ಲಿ ನಾನು ಅದನ್ನು ಹಾಕುವುದಿಲ್ಲ. ಅದೇ ಸೊರಗಿದ ವೋಲ್ಟೇಜು ಕಂಪ್ರೆಸರ್‌ಗೂ ಹೋಗುತ್ತದೆ. ಗವರ್ನರ್ ಸ್ಕ್ರೂ ತಿರುವಿ ವೋಲ್ಟೇಜ್ ಏರಿಸುವುದೂ ಬೇಡ, ಭಾರ ಕಳಚಿದಾಗ ಅದು ಮಿತಿ ಮೀರುತ್ತದೆ.

ಮಳೆ ಜೋರಾದಾಗ ಮಾವ ಜನರೇಟರನ್ನು ಪಡಸಾಲೆಗೆ ತರುತ್ತೇನೆ ಅಂದರು. ವೈರೂ ಉಳಿಯುತ್ತದೆ ಅಂತ ಅವರ ಲೆಕ್ಕ. ನಾನು ಬಿಡಲಿಲ್ಲ. ಅದರ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ, ಬಣ್ಣವಿಲ್ಲ, ಮಲಗಿದವರನ್ನು ಮಲಗಿದಲ್ಲೇ ಕೊಲ್ಲುತ್ತದೆ. ಮನೆಯಿಂದ 40 ಮೀಟರ್ ದೂರದಲ್ಲೇ ಉಳಿಸಿ, ನಾಲ್ಕೂ ಕಡೆ ತೆರೆದ ತಗಡಿನ ಚಪ್ಪರ ಹಾಕಿದೆವು. ಆ ದೂರಕ್ಕೆ 1.5 ಚದರ ಮಿಲಿಮೀಟರಿನ ತಾಮ್ರದ ವೈರ್ ಇತ್ತು. ಲೆಕ್ಕಕ್ಕೆ ಆ ವೈರಿನಲ್ಲಿ 10 ಆಂಪಿಯರ್ ಹರಿದರೆ (ಇದು ಬ್ಯಾಟರಿಗೆ ಇಟ್ಟ 10 ಆಂಪಿಯರ್ ಅಲ್ಲ) ಅದರಲ್ಲೇ ಸುಮಾರು 10 ವೋಲ್ಟ್ ಹೋಗುತ್ತದೆ. 4 ಚದರ ಮಿಲಿಮೀಟರಿನದಾದರೆ ನಾಲ್ಕು ವೋಲ್ಟಿನ ಒಳಗೆ. ಮರುದಿನ ಮಾವನೇ ಗದಗಕ್ಕೆ ಹೋಗಿ ದಪ್ಪ ವೈರಿನ ಸುರುಳಿ ತಂದರು.