ಬಾವಿ ಅಳೆದದ್ದು ಯಾವ ತಿಂಗಳು? ಉತ್ತರ ಕನ್ನಡದ ಕಸದ ಜಾಗಗಳ ಹಿನ್ನೆಲೆ

ಕಾರವಾರದಿಂದ ಭಟ್ಕಳದ ಕಡೆಗೆ ಹೆದ್ದಾರಿ ಹಿಡಿದು ಹೊರಟರೆ ಬಲಕ್ಕೆ ಕಡಲು, ಎಡಕ್ಕೆ ಘಟ್ಟ. ಕೆಲವೆಡೆ ಇವೆರಡರ ನಡುವೆ ರಸ್ತೆ ಮತ್ತು ನಾಲ್ಕು ಮನೆ ಬಿಟ್ಟರೆ ಬೇರೇನೂ ಹಿಡಿಸುವುದಿಲ್ಲ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಕಡಲು ಸೇರುವುದು ಇದೇ ಸಪೂರ ಪಟ್ಟಿಯಲ್ಲಿ. ಊರುಗಳ ಕಸಕ್ಕೆ ಜಾಗ ಹುಡುಕುವುದೂ ಇಲ್ಲೇ. ಒಂದು ಸರ್ವೆ ನಂಬರು ಗೊತ್ತಾಗುತ್ತದೆ, ಸುತ್ತಲಿನವರು ತಹಶೀಲ್ದಾರ್ ಕಚೇರಿಗೆ ಮನವಿ ಹಿಡಿದು ಬರುತ್ತಾರೆ, ಕಡತ ಹಿಂದಕ್ಕೆ ಹೋಗುತ್ತದೆ, ಎರಡು ಮಳೆಗಾಲ ಕಳೆದು ಇನ್ನೊಂದು ಸರ್ವೆ ನಂಬರು ಮೇಲೇಳುತ್ತದೆ. ದೂರದಿಂದ ನೋಡಿದವರಿಗೆ ಇದು ‘ನಮ್ಮೂರಲ್ಲಿ ಬೇಡ’ ಎಂಬ ಹಟದಂತೆ ಕಾಣಬಹುದು. ಕಾಗದಪತ್ರ ಬಿಡಿಸಿ ಓದಿದರೆ ತೊಡಕು ಬೇರೆ ಕಡೆ ಇದೆ. ಪರಿಸರ ಪರಿಶೀಲನೆ ಶುರುವಾಗುವುದೇ ಜಾಗ ಗೊತ್ತಾದ ಮೇಲೆ. ಅಷ್ಟು ಜಾಗ ಯಾಕೆ ಬೇಕು ಎಂದು ಕೇಳುವ ಹಂತ ಅಷ್ಟರಲ್ಲಿ ದಾಟಿಹೋಗಿರುತ್ತದೆ.

ಹಿಂದೆ ಅಡುಗೆಮನೆಯ ಕಸ ಹಟ್ಟಿಗೆ ಇಲ್ಲವೇ ಗೊಬ್ಬರಗುಂಡಿಗೆ, ಬೂದಿ ತೆಂಗಿನ ಬುಡಕ್ಕೆ, ದರಕು (ಒಣ ಎಲೆ) ತೋಟಕ್ಕೆ ಹೋಗುತ್ತಿತ್ತು. ಪೇಟೆಯ ಕಸ ಊರಾಚೆಯ ಹೊಂಡಕ್ಕೆ ಬಿದ್ದರೂ ಕೆಲವು ಮಳೆಗಾಲದಲ್ಲಿ ಮಣ್ಣಾಗುತ್ತಿತ್ತು. ಪ್ಲಾಸ್ಟಿಕ್ ಬಂದಮೇಲೆ ಹೊಂಡ ತುಂಬಿ ಗುಡ್ಡವಾಯಿತು. 1996ರಲ್ಲಿ ಪರಿಸರ ಹೋರಾಟಗಾರ್ತಿ ಅಲ್ಮಿತ್ರಾ ಪಟೇಲ್ ಸುಪ್ರೀಂ ಕೋರ್ಟಿಗೆ ಹಾಕಿದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯಿಂದ ದೇಶದ ಊರುಗಳ ಕಸ ನ್ಯಾಯಾಲಯದ ವಿಷಯವಾಯಿತು. ನಗರ ಘನತ್ಯಾಜ್ಯ ನಿರ್ವಹಣೆಯ 2000ದ ನಿಯಮಗಳು ಬಂದವು. 2002ರ ಡಿಸೆಂಬರ್ ಒಳಗೆ ಹೂಳುವ ಜಾಗ ಗುರುತಿಸಬೇಕು, 2003ರ ಡಿಸೆಂಬರ್ ಒಳಗೆ ಸಂಸ್ಕರಣಾ ಘಟಕ ನಿಲ್ಲಬೇಕು ಎಂಬ ಗಡುವು ಅದರಲ್ಲಿತ್ತು. ಬಹುತೇಕ ಊರುಗಳಲ್ಲಿ ಗಡುವು ಕಳೆಯಿತು, ಗುಡ್ಡ ಅಲ್ಲೇ ಇತ್ತು. 2012ರಲ್ಲಿ ಮಾವಳ್ಳಿಪುರ, 2014ರಲ್ಲಿ ಮಂಡೂರಿನ ಕಸದ ಜಾಗ ಬಾಗಿಲು ಹಾಕಿದಾಗ ಬೆಂಗಳೂರಿನಂಥ ದೊಡ್ಡ ನಗರವೇ ಕಂಗಾಲಾಯಿತು. 2016ರ ಏಪ್ರಿಲ್‌ನಲ್ಲಿ ಹೊಸ ನಿಯಮಗಳು ಬಂದವು. ಮನೆಯಲ್ಲೇ ಕಸ ಬೇರ್ಪಡಿಸಬೇಕು. ಮತ್ತೆ ಬಳಸಲಾಗದ, ಕೊಳೆಯದ, ಸುಡಲೂ ಬಾರದ ಕಸವಷ್ಟೇ ಮಣ್ಣಿಗೆ ಹೋಗಬೇಕು ಎಂಬುದು ಅದರ ತಿರುಳು.

ಇದರ ಪಕ್ಕದಲ್ಲೇ ಇನ್ನೊಂದು ದಾರಿ ನಡೆದಿತ್ತು. 2006ರ ಸೆಪ್ಟೆಂಬರ್ 14ರ ಪರಿಸರ ಪರಿಣಾಮ ಅಂದಾಜು ಅಧಿಸೂಚನೆಯ 7(ಐ) ಕಲಮಿನಲ್ಲಿ ‘ಸಾಮೂಹಿಕ ನಗರ ಘನತ್ಯಾಜ್ಯ ನಿರ್ವಹಣಾ ಘಟಕ’ ಇದೆ. ಅದು ‘ಬಿ’ ವರ್ಗ, ಅಂದರೆ ರಾಜ್ಯ ಮಟ್ಟದ ಪ್ರಾಧಿಕಾರದ ವ್ಯಾಪ್ತಿ. ಜಾಗ ಬೇರೆ ರಾಜ್ಯದ ಗಡಿಯಿಂದಲೋ ವನ್ಯಜೀವಿ ಸಂರಕ್ಷಿತ ಪ್ರದೇಶದಿಂದಲೋ 5 ಕಿ.ಮೀ. ಒಳಗಿದ್ದರೆ ಕಡತ ದಿಲ್ಲಿಗೆ ಹೋಗುತ್ತದೆ. ಕಾರವಾರದ ಮಟ್ಟಿಗೆ ಇದು ಬರೀ ಕಾಗದದ ಮಾತಲ್ಲ. ಉತ್ತರಕ್ಕೆ ಮಾಜಾಳಿ ದಾಟಿದರೆ ಗೋವಾ, ಒಳನಾಡಿಗೆ ಹೋದರೆ ಕಾಳಿ ಹುಲಿ ಸಂರಕ್ಷಿತ ಪ್ರದೇಶ. ಒಂದೇ ಊರಿನ ಸಣ್ಣ ಘಟಕವಾದರೆ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿಯಲ್ಲೇ ಕೆಲಸ ಮುಗಿಯುವುದುಂಟು; ಆಗ ಜನರ ಮುಂದೆ ಅಹವಾಲು ಸಭೆಯೂ ಇಲ್ಲ. ಐದು ಲಕ್ಷಕ್ಕಿಂತ ಕಡಿಮೆ ಜನರಿರುವ ಊರುಗಳು ಕೂಡಿ ಒಂದು ಜಾಗ ಮಾಡಿಕೊಳ್ಳಲಿ ಎಂದು 2016ರ ನಿಯಮ ಹೇಳಿತ್ತು. ಈ ಜಿಲ್ಲೆಯ ಪೇಟೆಗಳೆಲ್ಲ ಆ ಲೆಕ್ಕದವೇ. ಕೂಡಿ ಮಾಡುವುದೆಂದರೆ ಶಿರಸಿಯ ಕಸ ದೇವಿಮನೆ ಘಟ್ಟ ಇಳಿಯಬೇಕು, ಇಲ್ಲವೇ ಕುಮಟಾದ ಕಸ ಹತ್ತಬೇಕು. ಆಷಾಢದ ಮಳೆಯಲ್ಲಿ ಆ ತಿರುವುಗಳಲ್ಲಿ ಕಸದ ಲಾರಿ ನಿಂತರೆ ಏನಾಗುತ್ತದೆ ಎಂಬುದನ್ನು ಆ ದಾರಿಯಲ್ಲಿ ಓಡಾಡಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಜಾಗದ ಮಾತು. 2016ರ ನಿಯಮಗಳ ಪ್ರಕಾರ ಕಸ ಹೂಳುವ ಜಾಗ ಹೊಳೆಯಿಂದ 100 ಮೀಟರ್, ಕೆರೆಯಿಂದ 200 ಮೀಟರ್, ಹೆದ್ದಾರಿ, ವಸತಿ ಮತ್ತು ಕುಡಿಯುವ ನೀರಿನ ಬಾವಿಯಿಂದ 200 ಮೀಟರ್ ದೂರ ಇರಬೇಕು. ನೂರು ವರ್ಷದ ದಾಖಲೆಯಲ್ಲಿ ನೆರೆ ಬಂದ ಜಾಗ ಆಗದು. ಕರಾವಳಿ ನಿಯಂತ್ರಣ ವಲಯ ಆಗದು. ಆ ವಲಯ ಕಡಲಂಚಿಗೆ ಮುಗಿಯದೆ, ಉಬ್ಬರದ ನೀರು ಹತ್ತುವಷ್ಟು ದೂರ ಹೊಳೆದಂಡೆಗೂ ಹಬ್ಬಿದೆ. ಹಾಗಾಗಿ ಕಗ್ಗ ಭತ್ತ ಬೆಳೆಯುವ ಗಜನಿಗಳು (ಉಪ್ಪುನೀರು ನುಗ್ಗುವ ಗದ್ದೆಗಳು) ಲೆಕ್ಕದಿಂದ ಹೊರಗೆ. 2024ರಲ್ಲಿ ರಾಮ್ಸಾರ್ ಪಟ್ಟಿ ಸೇರಿದ ಅಘನಾಶಿನಿ ಅಳಿವೆಯ ಸುತ್ತ ಕೇಳುವುದೇ ಬೇಡ. ಅಲ್ಲಿನ ಬೆಳಚು ನೀರನ್ನು ಸೋಸಿ ಬದುಕುವ ಚಿಪ್ಪುಜೀವಿ, ನೀರಿನಲ್ಲಿರುವುದೆಲ್ಲ ಅದರ ಒಡಲಿಗೆ ಸೇರುತ್ತದೆ. ವಿಮಾನ ನಿಲ್ದಾಣ ಅಥವಾ ವಾಯುನೆಲೆಯಿಂದ 20 ಕಿ.ಮೀ. ದೂರವಿರಬೇಕು, ವಿಶೇಷ ಒಪ್ಪಿಗೆ ಪಡೆದರೆ 10. ಅಂಕೋಲಾದ ಅಲಗೇರಿಯಲ್ಲಿ ವಿಮಾನ ಇಳಿಯತೊಡಗಿದರೆ ಅಂಕೋಲಾ ಪೇಟೆ ಆ ವೃತ್ತದ ಒಳಗೇ ಬೀಳುತ್ತದೆ. ಗುಡ್ಡದ ಮೇಲೆ ಬೇಡ ಎಂದೂ ನಿಯಮವಿದೆ. ಅರಣ್ಯಕ್ಕೆ 1980ರ ಕಾಯ್ದೆಯ ಬೇಲಿ. ಸೊಪ್ಪಿನ ಬೆಟ್ಟದಲ್ಲಿ ಅಡಿಕೆ ತೋಟಿಗರ ಹಕ್ಕಿದೆ.

ಇಷ್ಟನ್ನೂ ನಕ್ಷೆಯ ಮೇಲೆ ಒಂದೊಂದಾಗಿ ಅಳಿಸಿದರೆ ಕೊನೆಗೆ ಉಳಿಯುವುದು ಬೇಣದ (ಹುಲ್ಲುಗಾವಲಿನ) ಚೂರುಗಳು ಮತ್ತು ಕಲ್ಲು ತೆಗೆದು ಬಿಟ್ಟ ಚಿರೆಕಲ್ಲಿನ ಕ್ವಾರಿಗಳು. ಕ್ವಾರಿ ಎಲ್ಲರ ಕಣ್ಣಿಗೂ ಚೆಂದ ಕಾಣುತ್ತದೆ. ಹೊಂಡ ಸಿದ್ಧ, ರಸ್ತೆ ಇದೆ, ಯಾರದೂ ಬೆಳೆ ಇಲ್ಲ. ನೆಲದ ಲೆಕ್ಕದಲ್ಲಿ ನೋಡಿದರೆ ಅಷ್ಟು ಕೆಟ್ಟ ಜಾಗ ಮತ್ತೊಂದಿಲ್ಲ. ಚಿರೆಕಲ್ಲಿನಲ್ಲಿ ಕೈಬೆರಳು ತೂರುವಷ್ಟು ತೂತು, ಸೀಳು ಇರುತ್ತವೆ. ಗಟ್ಟಿ ಪದರ ಕಡಿದು ಮಾರಿಯಾದ ಮೇಲೆ ಉಳಿಯುವುದು ಮೆದು ಭಾಗ, ಅದರಡಿಗೆ ಶೇಡಿ ಮಣ್ಣು. ಶೇಡಿ ಒಣಗಿದಾಗ ಗೋಡೆಯಂತೆ ನಿಲ್ಲುತ್ತದೆ, ನೀರು ಕುಡಿದರೆ ಜಾರುತ್ತದೆ. ಕಸದಿಂದ ಬಸಿದ ಕಪ್ಪು ನೀರು ಚಿರೆಕಲ್ಲಿನ ತೂತುಗಳಲ್ಲಿ ಇಳಿದು, ಶೇಡಿಯ ಮೇಲ್ಮೈ ಹಿಡಿದು, ಗುಡ್ಡದ ಬುಡದ ಬಾವಿಯಲ್ಲೋ ಗದ್ದೆಯ ಬದುವಿನಲ್ಲೋ ಹೊರಬರುತ್ತದೆ.

ಪರಿಸರ ಪರಿಣಾಮದ ವರದಿಗಳು ಹೆಚ್ಚಾಗಿ ಎಡವುವುದು ಇಲ್ಲೇ. ಮೂಲಸ್ಥಿತಿಯ ಮಾಹಿತಿ, ಅಂದರೆ ಘಟಕ ಬರುವ ಮೊದಲಿನ ಗಾಳಿ, ನೀರು, ಮಣ್ಣಿನ ಅಳತೆಯನ್ನು ಸಾಮಾನ್ಯವಾಗಿ ಒಂದು ಋತುವಿನಲ್ಲಿ, ಅದೂ ಮಳೆಗಾಲ ಬಿಟ್ಟು ಸಂಗ್ರಹಿಸುವ ರೂಢಿ. ಗಾಳಿಯ ದೂಳು ಅಳೆಯಲು ಅದು ಸರಿ. ಮಳೆಯಲ್ಲಿ ದೂಳು ಏಳುವುದಿಲ್ಲ. ನೀರಿಗೆ ಅದೇ ರೂಢಿ ಹಿಡಿದರೆ ಈ ಕರಾವಳಿಯಲ್ಲಿ ಲೆಕ್ಕ ತಲೆಕೆಳಗಾಗುತ್ತದೆ. ಮಾರ್ಚಿಯಲ್ಲಿ ಹಗ್ಗ ಮುಗಿಯುವವರೆಗೂ ಕೊಡ ಇಳಿಸಬೇಕಾದ ಬಾವಿಯಲ್ಲೇ ಪುಷ್ಯ, ಆಶ್ಲೇಷಾ ಮಳೆಯ ಹೊತ್ತಿಗೆ ಬಗ್ಗಿ ಕೈಯಿಂದ ನೀರು ಮೊಗೆಯಬಹುದು. ಹೂಳುವ ಜಾಗದ ತಳದ ಜೇಡಿ ಪದರದಿಂದ ಅಂತರ್ಜಲದ ‘ಅತಿ ಎತ್ತರದ’ ಮಟ್ಟ ಕನಿಷ್ಠ 2 ಮೀಟರ್ ಕೆಳಗಿರಬೇಕು ಎಂಬುದು 2016ರ ನಿಯಮ. ಅತಿ ಎತ್ತರದ ಮಟ್ಟ ಇರುವುದು ಜುಲೈ, ಆಗಸ್ಟ್‌ನಲ್ಲಿ. ಫೆಬ್ರುವರಿಯ ಅಳತೆಯಿಂದ ಈ ಷರತ್ತು ಪಾಲನೆಯಾಗಿದೆ ಎಂದು ಬರೆದರೆ ಆ ವಾಕ್ಯಕ್ಕೆ ಆಧಾರವೇ ಇಲ್ಲ.

ಮಳೆಯ ಗಾತ್ರವನ್ನೂ ನೋಡಿ. ಇಲ್ಲಿ ವರ್ಷಕ್ಕೆ ಸುಮಾರು 3,000 ಮಿ.ಮೀ. ಮಳೆ, ಅದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಒಂದು ಎಕರೆ ಎಂದರೆ 4,047 ಚದರ ಮೀಟರ್. ಒಂದೆಕರೆ ತೆರೆದ ಕಸದ ಮೇಲೆ ಬೀಳುವ ನೀರು ಸುಮಾರು 1.2 ಕೋಟಿ ಲೀಟರ್. 5,000 ಲೀಟರಿನ ಟ್ಯಾಂಕರಿನಲ್ಲಿ ಸಾಗಿಸಿದರೆ 2,400 ಟ್ರಿಪ್. ಅದರಲ್ಲಿ ಒಂದಷ್ಟು ಹರಿದುಹೋಗಿ, ಒಂದಷ್ಟು ಆವಿಯಾಗಿ, ಕಾಲು ಭಾಗ ಮಾತ್ರ ಕಸದೊಳಗೆ ಇಳಿದರೂ 600 ಟ್ಯಾಂಕರ್ ಕಪ್ಪು ನೀರು. ಕಡಿಮೆ ಮಳೆಯ ಬಯಲುಸೀಮೆಗೆ ಮಾಡಿದ ಹೊಂಡದ ನಕ್ಷೆಯನ್ನು ಇಲ್ಲಿಗೆ ತಂದರೆ ಮೊದಲ ಮಳೆಗಾಲದಲ್ಲೇ ಕಪ್ಪು ನೀರು ಹಿಡಿಯುವ ಕೊಳ ಉಕ್ಕುತ್ತದೆ.

ತಳದ ಹಾಸಿನ ಕೆಲಸವೂ ಹೇಳಿದಷ್ಟು ಹಗುರವಲ್ಲ. 90 ಸೆಂ.ಮೀ. ಜೇಡಿ ಪದರ ಹಾಕಿ ಒತ್ತಬೇಕು, ಅದರ ಮೇಲೆ 1.5 ಮಿ.ಮೀ. ದಪ್ಪದ ಎಚ್‌ಡಿಪಿಇ ಎಂಬ ಗಟ್ಟಿ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಜಲ್ಲಿ ಮತ್ತು ತೂತಿನ ಪೈಪು. ಎಕರೆಗೆ ಜೇಡಿಯೇ 3,600 ಘನ ಮೀಟರ್; 6 ಘನ ಮೀಟರಿನ ಟಿಪ್ಪರಿನಲ್ಲಿ 600 ಲೋಡು. ಅಷ್ಟು ಒಳ್ಳೆಯ ಜೇಡಿ ಎಲ್ಲಿಂದ ಬರುತ್ತದೆ ಎಂಬುದನ್ನೂ ವರದಿಯಲ್ಲಿ ನೋಡಬೇಕು. ಯಾವುದೋ ಗದ್ದೆ ಅಗೆದು ತಂದರೆ ಅಲ್ಲೂ ಒಂದು ಪರಿಸರ ಹಾನಿ ಆಗಿರುತ್ತದೆ. ಹಾಳೆ ಹರಿಯುವುದು ಹೆಚ್ಚಾಗಿ ಬೆಸುಗೆಯಲ್ಲಿ, ಇಲ್ಲವೇ ಅಡಿಯಲ್ಲಿ ಉಳಿದ ಚಿರೆಕಲ್ಲಿನ ಚೂಪಿಗೆ. ಜೆಸಿಬಿಯ ಹಲ್ಲು ತಾಗಿಯೂ ಹರಿಯುತ್ತದೆ. ಪೈಪಿನ ತೂತು ಲೋಳೆ ಕಟ್ಟಿ ಮುಚ್ಚುತ್ತದೆ. ಕಪ್ಪು ನೀರು ಎತ್ತುವ ಪಂಪು ಓಡಲೇಬೇಕಾದ ಗಾಳಿಮಳೆಯ ರಾತ್ರಿಯಲ್ಲೇ ಕರೆಂಟು ಹೋಗುತ್ತದೆ. ಜನರೇಟರಿಗೆ ಡೀಸೆಲ್ ಎಷ್ಟು ದಾಸ್ತಾನು ಎಂಬುದು ವಿನ್ಯಾಸದ ಭಾಗ. ಮಳೆ ಹಿಡಿಯುವ ಮೊದಲು ಕಸದ ಗುಡ್ಡದ ಮೇಲೆ 40ರಿಂದ 65 ಸೆಂ.ಮೀ. ಮಣ್ಣು ಹೊದಿಸಿ ಇಳಿಜಾರು ಕೊಟ್ಟು ಒತ್ತಬೇಕು. ಮೇ ಕೊನೆಯ ವಾರಕ್ಕೆ ಮುಂದೂಡಿದರೆ ಆ ಮಣ್ಣು ಜೂನ್‌ನಲ್ಲಿ ಕೆಸರಾಗಿ ಚರಂಡಿ ಸೇರುತ್ತದೆ.

ಮಳೆನಾಡಿನ ಕಸದ ಗುಡ್ಡ ಏನು ಮಾಡಬಲ್ಲದು ಎಂಬುದನ್ನು 2019ರ ಆಗಸ್ಟ್‌ನಲ್ಲಿ ಮಂಗಳೂರಿನ ಪಚ್ಚನಾಡಿ ತೋರಿಸಿತು. ಗುಡ್ಡ ನೀರು ಕುಡಿದು ಜಾರಿ ಕೆಳಗಿನ ಮಂದಾರದ ಅಡಿಕೆ ತೋಟ, ಮನೆಗಳ ಮೇಲೆ ಹರಿಯಿತು. ಅದೇ ಕರಾವಳಿ, ಅದೇ ಚಿರೆಕಲ್ಲು, ಅದೇ ಮಳೆ. ಅಂಕೋಲಾದ ಶಿರೂರಿನಲ್ಲಿ 2024ರ ಜುಲೈ 16ರಂದು ಜಾರಿದ್ದು ಬರೀ ಮಣ್ಣು. ಅಂಥ ಇಳಿಜಾರಿನ ಮೇಲೆ ಕಸದ ಭಾರ ಹೇರುವ ಯೋಚನೆ ಯಾವ ಕಡತದಲ್ಲೂ ಸುಳಿಯಬಾರದು.

ಹಾಗಾದರೆ ದಾರಿ ಯಾವುದು? ಲೆಕ್ಕವನ್ನು ಇನ್ನೊಂದು ತುದಿಯಿಂದ ಹಿಡಿಯಬೇಕು. ದಿನಕ್ಕೆ 20 ಟನ್ ಕಸದ ಒಂದು ಊರು ಎಂದಿಟ್ಟುಕೊಳ್ಳಿ. 25 ವರ್ಷಕ್ಕೆ 1,82,500 ಟನ್. ಘನ ಮೀಟರಿಗೆ 850 ಕಿಲೋ ಬರುವಂತೆ ಒತ್ತಿ, 8 ಮೀಟರ್ ಎತ್ತರ ಪೇರಿಸಿದರೂ ಆರೂವರೆ ಎಕರೆ ಬೇಕು. ಸುತ್ತಲ ಬಫರ್, ರಸ್ತೆ, ನೀರಿನ ಕೊಳ ಬೇರೆ. ಅದೇ ಊರಿನಲ್ಲಿ ಹೂಳುವುದು ಐದನೇ ಒಂದು ಪಾಲಿಗೆ ಇಳಿದರೆ ಒಂದೂಕಾಲು ಎಕರೆಯಿಂದ ಒಂದೂವರೆ ಎಕರೆ ಸಾಕು. ಅಷ್ಟು ಚಿಕ್ಕ ಜಾಗಕ್ಕೆ ಮೇಲೆ ತಗಡಿನ ಮಾಡನ್ನೇ ಹಾಕಿಬಿಡಬಹುದು, ಆಗ ಕಪ್ಪು ನೀರಿನ ಮೂಲವೇ ನಿಂತಂತೆ. ಆದರೆ ಕಡತದಲ್ಲಿ ಮೊದಲು ಬರೆಯುವುದು ‘ಇಷ್ಟು ಎಕರೆ ಬೇಕು’ ಎಂದು. ಅದು ಬಂದದ್ದು ಯಾವ ಲೆಕ್ಕದಿಂದ ಎಂಬ ಪುಟ ತೆಳ್ಳಗಿರುತ್ತದೆ.

ಐದನೇ ಒಂದಕ್ಕೆ ಇಳಿಸುವುದು ಬಾಯಿಮಾತಿನ ಕೆಲಸವಲ್ಲ. ನಮ್ಮ ಕಸದಲ್ಲಿ ಹೆಚ್ಚುಕಡಿಮೆ ಅರ್ಧಕ್ಕಿಂತ ಹೆಚ್ಚು ಹಸಿ. ಕರಾವಳಿಯಲ್ಲಿ ಅದರೊಳಗೆ ಮೀನಿನ ತಲೆ, ಕರುಳು, ಸಿಗಡಿ ಸಿಪ್ಪೆ ಸೇರುತ್ತವೆ. ಮೀನಿನಲ್ಲಿ ಸಾರಜನಕ ಜಾಸ್ತಿ. ಅದೊಂದನ್ನೇ ರಾಶಿ ಹಾಕಿದರೆ ಅಮೋನಿಯಾ ಎದ್ದು ಕಣ್ಣು ಉರಿಯುತ್ತದೆ, ನೊಣ ಮುತ್ತುತ್ತದೆ, ಮಾರನೆಯ ದಿನ ಘಟಕ ಮುಚ್ಚಿಸಲು ಜನ ಬರುತ್ತಾರೆ. ಒಂದು ಬುಟ್ಟಿ ಮೀನಿನ ಕಸಕ್ಕೆ ಎರಡು ಮೂರು ಬುಟ್ಟಿ ದರಕು ಅಥವಾ ತೆಂಗಿನ ನಾರಿನ ಪುಡಿ ಬೆರೆಸಿದರೆ ವಾಸನೆ ಅಡಗುತ್ತದೆ. ರಾಶಿಯ ಎತ್ತರ ಒಂದೂವರೆಯಿಂದ ಎರಡು ಮೀಟರ್, ಒಳಗಿನ ಕಾವು 55ರಿಂದ 60 ಡಿಗ್ರಿ. ತೇವ ಸರಿಯಿದೆಯೇ ಎಂದು ತಿಳಿಯಲು ಯಂತ್ರ ಬೇಡ: ಮುಷ್ಟಿಯಲ್ಲಿ ಹಿಡಿದು ಹಿಂಡಿದರೆ ಉಂಡೆ ಕಟ್ಟಬೇಕು, ಬೆರಳಸಂದಿಯಲ್ಲಿ ಒಂದೆರಡು ಹನಿ ಮೂಡಬೇಕು, ನೀರು ಸುರಿಯಬಾರದು. ಮಳೆಗಾಲದಲ್ಲಿ ಗಾಳಿಯಲ್ಲೇ ತೇವ ತುಂಬಿರುವುದರಿಂದ ಮಾಡು ಮತ್ತು ಎತ್ತರದ ಕಟ್ಟೆ ಇಲ್ಲದ ಗೊಬ್ಬರದ ಅಂಗಳ ಜುಲೈಯಲ್ಲಿ ಕೊಳೆತ ಗುಂಡಿಯಾಗುತ್ತದೆ. ದರಕು ಸಿಗುವುದು ಬೇಸಿಗೆಯಲ್ಲಿ, ಬೇಕಾಗುವುದು ಮಳೆಯಲ್ಲಿ. ಫೆಬ್ರುವರಿ, ಮಾರ್ಚಿಯಲ್ಲೇ ಕೂಡಿಡುವ ಕೊಟ್ಟಿಗೆ ಯೋಜನೆಯಲ್ಲಿ ಇರಲೇಬೇಕು.

ಹಳೆಯ ಗುಡ್ಡಗಳನ್ನು ಅಗೆದು ಜರಡಿ ಹಿಡಿಯುವ ಕೆಲಸಕ್ಕೆ 2021ರಲ್ಲಿ ಬಂದ ಸ್ವಚ್ಛ ಭಾರತದ ಎರಡನೇ ಹಂತ ಒತ್ತು ಕೊಟ್ಟಿತು. ಇಲ್ಲಿ ಆ ಕೆಲಸಕ್ಕೆ ಸಿಗುವುದು ಡಿಸೆಂಬರಿನಿಂದ ಮೇವರೆಗಿನ ಆರು ತಿಂಗಳು. ಕಸ ಒದ್ದೆಯಿದ್ದರೆ ಮಣ್ಣು ಪ್ಲಾಸ್ಟಿಕ್‌ಗೆ ಅಂಟಿ ಜರಡಿಯ ಕಣ್ಣು ಕಟ್ಟುತ್ತದೆ. ಒದ್ದೆ ಪ್ಲಾಸ್ಟಿಕ್ಕನ್ನು ಉರುವಲಾಗಿ ಕೊಳ್ಳಲು ಸಿಮೆಂಟ್ ಕಾರ್ಖಾನೆಗಳು ಹಿಂದೇಟು ಹಾಕುತ್ತವೆ, ಅವು ಇರುವುದೂ ಬಾಗಲಕೋಟೆ, ಕಲಬುರಗಿ ಕಡೆ. ಲಾರಿ ಬಾಡಿಗೆಯ ಲೆಕ್ಕವಿಲ್ಲದ ಯೋಜನೆ ಅರ್ಧಕ್ಕೆ ನಿಲ್ಲುತ್ತದೆ.

ಮುಂದಿನ ಅಹವಾಲು ಸಭೆ ಯಾವ ಊರಿನಲ್ಲೇ ಆಗಲಿ, ಕನಿಷ್ಠ 30 ದಿನ ಮೊದಲು ಪತ್ರಿಕೆಯಲ್ಲಿ ಪ್ರಕಟಣೆ ಬರಬೇಕು. ವರದಿಯ ಸಾರಾಂಶ ಕನ್ನಡದಲ್ಲೂ ಸಿಗಬೇಕು. ಸಭೆ ನಡೆಸುವವರು ಜಿಲ್ಲಾಧಿಕಾರಿ ಅಥವಾ ಅವರು ಕಳಿಸಿದ ಅಪರ ಜಿಲ್ಲಾಧಿಕಾರಿ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿ, ಪೂರ್ತಿ ವಿಡಿಯೊ ಆಗುತ್ತದೆ. ಕೋರಂ ಎಂಬುದಿಲ್ಲ, ಹತ್ತೇ ಜನ ಬಂದರೂ ಸಭೆ ಸಭೆಯೇ. ಬಾಯಲ್ಲಿ ಹೇಳಿದ್ದನ್ನು ಬರೆದೂ ಕೊಡಬೇಕು, ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಬೇಕು. ಅನುಮತಿ ಸಿಕ್ಕಮೇಲೆ ಹಸಿರು ನ್ಯಾಯಮಂಡಳಿಯ ಚೆನ್ನೈ ಪೀಠಕ್ಕೆ ಮೇಲ್ಮನವಿ ಹಾಕಲು ಇರುವುದು 30 ದಿನ. ಸಕಾರಣವಿದ್ದರೆ ಇನ್ನು 60. ಸಭೆಗೆ ಹೋಗುವ ಮುನ್ನ ಪೂರ್ತಿ ವರದಿ ತರಿಸಿ ಅಂತರ್ಜಲದ ಕೋಷ್ಟಕ ತೆಗೆಯಿರಿ. ಬಾವಿಯ ಗುರುತು, ನೀರಿನ ಆಳದ ಪಕ್ಕದಲ್ಲಿ ಅಳೆದ ತಾರೀಖಿನ ಕಲಮು ಇರುತ್ತದೆ. ಅದರಲ್ಲಿ ಜುಲೈ, ಆಗಸ್ಟ್ ಇಲ್ಲದಿದ್ದರೆ ಮೊದಲ ಆಕ್ಷೇಪಣೆಯಾಗಿ ಅದನ್ನೇ ಬರೆಯಿರಿ.