‘ದೀಕ್ಷಾಸ್ನಾನ ಮಾಡಿಸಿಕೊಳ್ಳುವುದು’ ಎಂದರೇನು?

ಕಾರವಾರ, ಹೊನ್ನಾವರದ ಕಡೆಯ ಆಮಂತ್ರಣ ಪತ್ರಿಕೆಗಳಲ್ಲಿ ಮಗುವಿನ ದೀಕ್ಷಾಸ್ನಾನವನ್ನು, ಅಂದರೆ ನೀರಿನಿಂದ ಕ್ರೈಸ್ತ ಸಭೆಗೆ (ಚರ್ಚ್) ಸೇರಿಸಿಕೊಳ್ಳುವ ಸಂಸ್ಕಾರವಾದ ಬ್ಯಾಪ್ಟಿಸಮ್ಮನ್ನು, ‘ನಾಮಕರಣ’ ಎಂದು ಅಚ್ಚು ಹಾಕಿಸುವುದುಂಟು. ‘ಈಸ್ಟರ್ ಜಾಗರಣೆಯಂದು ಮೂವರು ದೀಕ್ಷಾಸ್ನಾನ ಮಾಡಿದರು’ ಎಂಬಂಥ ವಾಕ್ಯವೂ ವರದಿಗಳಲ್ಲಿ ಸಲೀಸಾಗಿ ನುಸುಳುತ್ತದೆ. ಎರಡೂ ತಪ್ಪು. ಮೊದಲನೆಯದನ್ನು ಬೇಗ ಮುಗಿಸಬಹುದು. ವಿಧಿಯ ಆರಂಭದಲ್ಲಿ ಗುರುಗಳು ಮಗುವಿಗೆ ಏನು ಹೆಸರಿಟ್ಟಿದ್ದೀರಿ ಎಂದು ಕೇಳುತ್ತಾರೆ, ತಂದೆತಾಯಿ ಹೇಳುತ್ತಾರೆ. ಎಂದರೆ ಹೆಸರು ಆಗಲೇ ಇಟ್ಟಾಗಿದೆ. ಐವತ್ತರ ವಯಸ್ಸಿನವರು ಈ ಸಂಸ್ಕಾರಕ್ಕೆ ಬಂದಾಗ ಯಾರೂ ಅದನ್ನು ನಾಮಕರಣವೆನ್ನುವುದಿಲ್ಲ.

ಎರಡನೆಯ ತಪ್ಪು ಆಳದ್ದು. ಗ್ರೀಕಿನ ‘ಬಾಪ್ತಿಜೈನ್’ ಎಂಬ ಕ್ರಿಯಾಪದಕ್ಕೆ ಅದ್ದು, ಮುಳುಗಿಸು ಎಂದರ್ಥ. ಯೇಸು ಊಟಕ್ಕೆ ಮುಂಚೆ ತೊಳೆದುಕೊಳ್ಳಲಿಲ್ಲವೆಂದು ಫರಿಸಾಯನೊಬ್ಬ (ಯೆಹೂದ್ಯರ ಕಟ್ಟುನಿಟ್ಟಿನ ಪಂಥದವನು) ಆಶ್ಚರ್ಯಪಟ್ಟ ಪ್ರಸಂಗದಲ್ಲಿಯೂ (ಲೂಕ 11:38) ಇದೇ ಪದವಿದೆ. ಅದೇ ಪದ ಲ್ಯಾಟಿನ್, ಪೋರ್ಚುಗೀಸ್ ದಾಟಿ ನಮ್ಮ ಕರಾವಳಿಯ ಕೊಂಕಣಿಯಲ್ಲಿ ‘ಬಾವ್ತಿಜ್ಮ್’ ಆಗಿ ನಿಂತಿತು. ಕನ್ನಡ ಸತ್ಯವೇದ (ಬೈಬಲ್) ಮಾತ್ರ ಬೇರೆ ದಾರಿ ಹಿಡಿದು, ಇಲ್ಲಿ ಮೊದಲೇ ಬೇರೂರಿದ್ದ ‘ದೀಕ್ಷೆ’ಯನ್ನು ‘ಸ್ನಾನ’ಕ್ಕೆ ಜೋಡಿಸಿತು. ಸ್ನಾನವನ್ನು ನಾವು ದಿನವೂ ನಮ್ಮಷ್ಟಕ್ಕೆ ನಾವೇ ಮಾಡುತ್ತೇವೆ, ದೀಕ್ಷೆ ಹಾಗಲ್ಲ. ಶಿರಸಿಯ ಕಡೆ ಮಠದಲ್ಲಿ ಸಂನ್ಯಾಸ ದೀಕ್ಷೆಯಾದರೂ, ಲಿಂಗಾಯತರ ಮನೆಯಲ್ಲಿ ಲಿಂಗದೀಕ್ಷೆಯಾದರೂ, ಗುರು ಕೊಟ್ಟರು, ಶಿಷ್ಯ ಪಡೆದ ಎನ್ನುತ್ತೇವೆಯೇ ಹೊರತು ಶಿಷ್ಯ ತಾನೇ ಮಾಡಿದ ಎನ್ನುವುದಿಲ್ಲ. ಆದ್ದರಿಂದಲೇ ಸತ್ಯವೇದದ ಕ್ರಿಯಾಪದ ‘ದೀಕ್ಷಾಸ್ನಾನ ಮಾಡಿಸಿಕೊಳ್ಳು’. ಇಲ್ಲಿನ ‘ಇಸು’ ಕೆಲಸವನ್ನು ಇನ್ನೊಬ್ಬರ ಕೈಗೆ ಒಪ್ಪಿಸುತ್ತದೆ, ‘ಕೊಳ್ಳು’ ಅದರ ಫಲವನ್ನು ಪಡೆಯುವವನ ಕಡೆಗೆ ತರುತ್ತದೆ. ಇಷ್ಟು ನಿಖರವಾದ ಕ್ರಿಯಾಪದ ಕೈಯಲ್ಲಿರುವಾಗ ‘ಮಾಡಿದರು’ ಎಂದು ಬರೆಯುವುದು ಬರಿಯ ಅಲಕ್ಷ್ಯ.

ಇದು ವ್ಯಾಕರಣದ ಹಟವಲ್ಲ. ಮರಣಾಪಾಯದಲ್ಲಿದ್ದ ಯೆಹೂದ್ಯನೊಬ್ಬ ತಾನೇ ನೀರಿನಲ್ಲಿ ಮುಳುಗಿ ವಿಧಿಯ ಮಾತುಗಳನ್ನು ಹೇಳಿಕೊಂಡ ಪ್ರಕರಣದ ಬಗ್ಗೆ 1206ರಲ್ಲಿ ಪೋಪ್ ಮೂರನೆಯ ಇನ್ನೊಸೆಂಟರು, ಕೊಡುವವನೂ ಪಡೆಯುವವನೂ ಬೇರೆ ಬೇರೆಯಾಗಿರಲೇಬೇಕು, ಆದ್ದರಿಂದ ಅದು ದೀಕ್ಷಾಸ್ನಾನವಲ್ಲ ಎಂದು ತೀರ್ಪಿತ್ತರು. ಇಂಗ್ಲೆಂಡಿನ ಪಾದ್ರಿ ಜಾನ್ ಸ್ಮಿತ್ 1609ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ತನಗೆ ತಾನೇ ದೀಕ್ಷಾಸ್ನಾನ ಕೊಟ್ಟುಕೊಂಡರೂ, ಮುಂದೆ ಅದು ಸರಿಯಲ್ಲವೆಂದು ಒಪ್ಪಿ, ವಯಸ್ಕರಿಗೆ ಮಾತ್ರ ದೀಕ್ಷಾಸ್ನಾನ ಕೊಡುವ ಮೆನ್ನೊನೈಟ್ ಸಭೆಗೆ ಸೇರಲು ಕೇಳಿಕೊಂಡ. ಪ್ರಾಣಾಪಾಯದ ಹೊತ್ತಿನಲ್ಲಿ, ಸಭೆಯ ಉದ್ದೇಶವನ್ನೇ ಮನಸ್ಸಿನಲ್ಲಿಟ್ಟುಕೊಂಡರೆ, ಕ್ರೈಸ್ತರಲ್ಲದ ದಾದಿಯೂ ದೀಕ್ಷಾಸ್ನಾನ ಕೊಡಬಹುದು ಎಂದು ಕಥೋಲಿಕ ಸಭೆ ಒಪ್ಪುತ್ತದೆ. ಆದರೆ ತನಗೆ ತಾನೇ ಕೊಟ್ಟುಕೊಳ್ಳುವುದು ಯಾರಿಗೂ ಸಾಧ್ಯವಿಲ್ಲ.

ದೀನತೆಯ ನಿಜವಾದ ಅರ್ಥ ಹೀಗೆ ಇನ್ನೊಬ್ಬರ ಕೈಯಿಂದ ಪಡೆಯುವುದರಲ್ಲಿಯೇ ಇದೆ. ಸನ್ಮಾನದ ವೇದಿಕೆಯಲ್ಲಿ ಶಾಲು ಹೊದ್ದು ‘ವಿನಮ್ರನಾಗಿ ಸ್ವೀಕರಿಸುತ್ತೇನೆ’ ಎನ್ನುವುದನ್ನು ದೀನತೆ ಎಂದು ಕರೆಯುವವರಿದ್ದಾರೆ. ಗತಿಗೆಟ್ಟ ದೈನ್ಯವನ್ನೇ ದೀನತೆ ಎಂದುಕೊಂಡು ಕ್ರೈಸ್ತ ಧರ್ಮ ಮನುಷ್ಯನನ್ನು ಕುಗ್ಗಿಸುತ್ತದೆ ಎನ್ನುವವರೂ ಇದ್ದಾರೆ. ದೈನ್ಯ ಮೇಲೆ ಬಂದೆರಗುವ ಸ್ಥಿತಿ. ದೀನತೆಯಾದರೋ ಫಿಲಿಪ್ಪಿಯವರಿಗೆ ಬರೆದ ಪತ್ರದಲ್ಲಿ (2:8) ಕ್ರಿಸ್ತನ ಬಗ್ಗೆ ಹೇಳಿರುವಂತೆ ‘ತನ್ನನ್ನು ತಗ್ಗಿಸಿಕೊಳ್ಳುವುದು’, ಅಂದರೆ ಎತ್ತರವಿದ್ದೂ ಬುದ್ಧಿಪೂರ್ವಕವಾಗಿ ಇಳಿಯುವುದು. ಯೊರ್ದನ್ ನದಿಯಲ್ಲಿ ಯೇಸು ತನ್ನ ಮುಂದೆ ನಿಂತಾಗ, ಜನರಿಗೆ ದೀಕ್ಷಾಸ್ನಾನ ಮಾಡಿಸುತ್ತಿದ್ದ ಯೋಹಾನನೇ ತಡೆದು, ನಾನಲ್ಲವೇ ನಿನ್ನಿಂದ ಪಡೆಯಬೇಕಾದವನು ಎಂದ. ಯೇಸು ಒಪ್ಪಿಸಿ ಅವನಿಂದಲೇ ಮಾಡಿಸಿಕೊಂಡ (ಮತ್ತಾಯ 3). ಪಾಪವಿಲ್ಲದವನು ಪಾಪಿಗಳ ಸಾಲಿನಲ್ಲಿ ನಿಂತ ಆ ಗಳಿಗೆಯನ್ನು ಬಿಟ್ಟು ಕ್ರೈಸ್ತ ದೀನತೆಯನ್ನು ವಿವರಿಸಲಾಗದು.

ವಯಸ್ಕರ ದೀಕ್ಷಾಸ್ನಾನವನ್ನು ಹತ್ತಿರದಿಂದ ನೋಡಿದವರಿಗೆ ಇದು ತಿಳಿದಿರುತ್ತದೆ. ಬಂದಾತ ಕನ್ನಡಕ ತೆಗೆದು ಪಕ್ಕದವರ ಕೈಗೆ ಕೊಟ್ಟು ತೊಟ್ಟಿಯ ಮೇಲೆ ಕುತ್ತಿಗೆ ಬಾಗಿಸುತ್ತಾನೆ. ಗುರುಗಳು ಮೂರು ಸಲ ಸುರಿದ ನೀರು ಕಿವಿಯ ಹಿಂದಿನಿಂದ ಕಾಲರಿನೊಳಗೆ ಇಳಿಯುತ್ತದೆ, ಆತ ಒರೆಸಿಕೊಳ್ಳದೆ ಹಾಗೆಯೇ ನಿಂತಿರುತ್ತಾನೆ. ಇದು ಜೀವಮಾನದಲ್ಲಿ ಒಮ್ಮೆ ಮಾತ್ರ ನಡೆಯುವಂಥದ್ದು. ಈಸ್ಟರ್ ರಾತ್ರಿ ಕೈಯಲ್ಲಿ ಮೇಣದಬತ್ತಿ ಹಿಡಿದು ನಿಂತವರೆಲ್ಲರ ಮೇಲೆ ಚಿಮುಕಿಸುವ ತೀರ್ಥವನ್ನು ಮತ್ತೊಂದು ದೀಕ್ಷಾಸ್ನಾನವೆಂದು ಬರೆಯಬಾರದು. ಅಂದು ನಡೆಯುವುದು ಹಿಂದೆ ಮಾಡಿದ ವಾಗ್ದಾನಗಳ ನವೀಕರಣ.